ಅಂಗನವಾಡಿಯಲ್ಲಿ ಮಣ್ಣು, ನೀರು, ಬೀಜಗಳ ಜೊತೆ ಆಡಿಸುವುದು ಕಲಿಕೆಯೋ, ಕಾಲಹರಣವೋ?

ನಿಮ್ಮ ಪ್ರಶ್ನೆ ಒಂದೇ ಎಂದು ತೋರಿದರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ನಾಲ್ಕು ವರ್ಷದ ನಿಮ್ಮ ಮಗಳು ಊರಿನ ಅಂಗನವಾಡಿಯಿಂದ ದಿನವೂ ಕೈಗೆ ಮಣ್ಣು ಮೆತ್ತಿಕೊಂಡು, ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಾಳೆ. ಅದೇ ವಯಸ್ಸಿನ ಪಕ್ಕದ ಮನೆಯ ಹುಡುಗ ವ್ಯಾನಿನಲ್ಲಿ ಪೇಟೆಯ ಎಲ್‌ಕೆಜಿಗೆ ಹೋಗಿ ಬಂದು ಎ ಬಿ ಸಿ ಡಿ ಬರೆದು ತೋರಿಸುತ್ತಾನೆ. ಹೀಗಿರುವಾಗ ಅಂಗನವಾಡಿಯಲ್ಲಿ ನಡೆಯುತ್ತಿರುವುದು ನಿಜವಾಗಿ ಕಲಿಕೆಯೇ ಎಂಬುದು ನಿಮ್ಮ ಮೊದಲ ಸಂಶಯ. ಬಾಲವಿಕಾಸ ಸಮಿತಿಯ ಸದಸ್ಯರಾಗಿರುವ ನೀವು ಕೇಂದ್ರದ ಹಿಂದೆ ಖಾಲಿ ಬಿದ್ದಿರುವ ಅರ್ಧ ಗುಂಟೆ ಜಾಗದಲ್ಲಿ ಮಕ್ಕಳಿಗಾಗಿ ಏನು ಮಾಡಿಸಬಹುದು ಎಂಬುದು ಎರಡನೆಯದು. ನಾನು ಮೈಸೂರು ಸೀಮೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಹಲವಾರು ಕೇಂದ್ರಗಳ ಒಳಹೊರಗನ್ನು ನೋಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಕೆಲಸವನ್ನು ಮಗುವಿನ ಕೈಯೇ ಮಾಡುತ್ತಿದ್ದರೆ ಅದು ಕಲಿಕೆ. ಟೀಚರ್ ಮಾಡಿ ಮಕ್ಕಳು ಸುಮ್ಮನೆ ನೋಡುತ್ತಿದ್ದರೆ, ಅಲ್ಲಿರುವುದು ಮಣ್ಣಾಗಲಿ ಅಕ್ಷರಮಾಲೆಯಾಗಲಿ, ಅದು ಕಾಲಹರಣ. ಕೆಳಗಿರುವುದೆಲ್ಲವೂ ಈ ಮಾತಿನ ವಿವರಣೆ.

ಮೊದಲು ಬರವಣಿಗೆಯ ಆತಂಕವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಪೋಷಕರ ಸಭೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ದೂರು ಅದೇ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಇವು ಇನ್ನೂ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಒಂದೊಂದಾಗಿ ಮೂಳೆಯಾಗುತ್ತಾ ಹೋಗಿ, ಕೊನೆಯದು ಗಟ್ಟಿಯಾಗಲು ತೊಡಗುವುದು ಸುಮಾರು 8ರಿಂದ 12 ವರ್ಷದೊಳಗೆ. ಇದರರ್ಥ ನಾಲ್ಕು ವರ್ಷದ ಮಗು ಪೆನ್ಸಿಲ್ ಮುಟ್ಟಲೇಬಾರದು ಎಂದಲ್ಲ. ಅದು ಗೋಡೆಯ ಮೇಲೆ, ನೆಲದ ಮೇಲೆ ಗೀಚಲಿ, ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಸುತ್ತು ಬರೆಯಲಿ. ಆದರೆ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಪುಟಗಟ್ಟಲೆ ಒಂದೇ ಅಕ್ಷರ ತಿದ್ದಿಸಿದಾಗ ಆ ಕೈ ಬೇಗ ಸೋಲುತ್ತದೆ, ಬೆರಳು ಬಿಗಿಯಾಗುತ್ತದೆ, ಕೆಲವು ಮಕ್ಕಳಿಗೆ ಪುಸ್ತಕ ಕಂಡರೇ ಬೇಸರ ಬರುತ್ತದೆ. ಜೇಡಿಮಣ್ಣನ್ನು ಹಿಚುಕುವುದು, ಒದ್ದೆ ಬಟ್ಟೆಯನ್ನು ಹಿಂಡುವುದು, ಅವರೆಕಾಯಿ ಸುಲಿಯುವುದು, ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಕುಳಿಯೊಳಗೆ ಬಿಡುವುದು, ಇವೆಲ್ಲ ಪೆನ್ಸಿಲ್ ಹಿಡಿಯುವ ಬೆರಳುಗಳನ್ನೇ ಪಳಗಿಸುತ್ತವೆ. ಪಕ್ಕದ ಮನೆಯ ಹುಡುಗ ಈಗ ಎ ಬರೆಯಬಲ್ಲ, ನಿಮ್ಮ ಮಗಳು ಬರೆಯಲಾರಳು ಎಂಬುದು ಇಂದಿನ ಮಟ್ಟಿಗೆ ನಿಜವಿರಬಹುದು. ಆದರೆ ಅವಳ ಬೆರಳುಗಳು ಸುಮ್ಮನೆ ಕುಳಿತಿಲ್ಲ.

ಕಾಳು ಆರಿಸುವ ಕೆಲಸವನ್ನು ಹತ್ತಿರದಿಂದ ನೋಡಿದ್ದೀರಾ? ಒಂದು ಮೊರದಲ್ಲಿ ಹುರುಳಿ, ಹೆಸರು, ಅಲಸಂದೆ ಬೆರೆಸಿ ಮೂರ್ನಾಲ್ಕು ಮಕ್ಕಳ ನಡುವೆ ಇಟ್ಟು, ಬೇರೆ ಬೇರೆ ಮಾಡಿ ಎಂದಷ್ಟೇ ಹೇಳಬೇಕು. ಮೊದಲಿಗೆ ಬಣ್ಣ ನೋಡಿ ಹಸಿರನ್ನೆಲ್ಲ ಒಂದು ಕಡೆ ಹಾಕುತ್ತಾರೆ. ಆಮೇಲೆ ಕಂದುಬಣ್ಣದ್ದರಲ್ಲಿ ಚಪ್ಪಟೆಯದು ಹುರುಳಿ, ಹೊಟ್ಟೆಯ ಮೇಲೆ ಕಣ್ಣಿನಂಥ ಗುರುತಿರುವುದು ಅಲಸಂದೆ ಎಂದು ಯಾರೂ ಹೇಳಿಕೊಡದೆಯೇ ಕಂಡುಕೊಳ್ಳುತ್ತಾರೆ. ನಿಜವಾದ ಕಷ್ಟ ಬರುವುದು ಒಡೆದ ಕಾಳು ಕೈಗೆ ಸಿಕ್ಕಾಗ: ಸಿಪ್ಪೆ ಹೋಗಿ ಹಳದಿಯಾದ ಹೆಸರುಬೇಳೆ ಯಾವ ಗುಂಪಿಗೆ ಸೇರಬೇಕು? ಒಂದು ಕೇಂದ್ರದಲ್ಲಿ ಒಬ್ಬ ಹುಡುಗ ಅಂಥವನ್ನೆಲ್ಲ ನಾಲ್ಕನೆಯ ಗುಡ್ಡೆಯಾಗಿ ಇಟ್ಟು, ಏಕೆಂದು ಕೇಳಿದಾಗ “ಇವಕ್ಕೆ ಹುಷಾರಿಲ್ಲ” ಎಂದ. ಟೀಚರ್ ನಗಲಿಲ್ಲ, ತಿದ್ದಲೂ ಇಲ್ಲ, “ಹಾಗಾದರೆ ಅವು ಮೊದಲು ಯಾವ ಗುಂಪಿನಲ್ಲಿದ್ದವು?” ಎಂದು ಕೇಳಿದರು. ಅವನು ಒಂದೊಂದನ್ನೇ ಎತ್ತಿ ಇಡೀ ಕಾಳಿನ ಪಕ್ಕದಲ್ಲಿಟ್ಟು ಹೋಲಿಸತೊಡಗಿದ. ವರ್ಗೀಕರಣ, ಹೋಲಿಕೆ, ಭಾಗ ಮತ್ತು ಪೂರ್ಣ ಎಂದು ಮುಂದೆ ಗಣಿತದಲ್ಲಿ ಬರುವುದೆಲ್ಲ ಆ ಮೊರದಲ್ಲಿತ್ತು. ಇಲ್ಲಿ ಗಮನಿಸಬೇಕಾದದ್ದು ಟೀಚರ್ ಕೇಳಿದ ಆ ಒಂದು ಪ್ರಶ್ನೆಯನ್ನು. ಕಾಳುಗಳಿಗಿಂತ ಅದೇ ಅಪರೂಪದ ಸಾಮಗ್ರಿ.

ನೀರಿನ ಆಟವೂ ಹೀಗೆಯೇ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟ ಪ್ರಯೋಗ ಪ್ರಸಿದ್ಧವಾದದ್ದು. ಅಗಲವಾದ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಎತ್ತರದ ಕಿರಿದಾದ ಲೋಟಕ್ಕೆ ಸುರಿದರೆ, ಸುಮಾರು ಆರೇಳು ವರ್ಷದೊಳಗಿನ ಹೆಚ್ಚಿನ ಮಕ್ಕಳು ಈಗ ನೀರು ಹೆಚ್ಚಾಯಿತು ಎನ್ನುತ್ತಾರೆ. ಅದನ್ನು ತಪ್ಪು ಎಂದು ಗದರಿ ಪ್ರಯೋಜನವಿಲ್ಲ. ಮಗು ಅದಕ್ಕೆ ಕಂಡದ್ದನ್ನೇ ಹೇಳುತ್ತಿದೆ. ಆದ್ದರಿಂದ ಚೊಂಬು, ಲೋಟ, ಬಾಟಲಿ, ತೂತಿರುವ ಡಬ್ಬಿ ಕೊಟ್ಟು, ತುಂಬಿಸಿ ಸುರಿದು ಮತ್ತೆ ತುಂಬಿಸಲು ಬಿಡಬೇಕು. ಹೊರಗಿನಿಂದ ನೋಡುವವರಿಗೆ ಈ ಪುನರಾವರ್ತನೆ ಬರೀ ನೀರು ಚೆಲ್ಲಾಟವಾಗಿ ಕಾಣುವುದು ಸಹಜ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿ ಇರುತ್ತದೆಯಲ್ಲ, ಅದನ್ನು ನೀರಿಗೆ ಹಾಕಿ ಕಲಕುವಾಗ ಗಂಟು ಕಟ್ಟುವುದು, ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಕರಗುವುದು, ಇದನ್ನು ಒಂದು ಸಣ್ಣ ಬಟ್ಟಲಿನಲ್ಲಿ ಮಕ್ಕಳಿಂದಲೇ ಮಾಡಿಸಬಹುದು. ಇದಕ್ಕೆ ಯಾವ ಕಿಟ್ಟೂ ಬೇಡ, ಅನುದಾನವೂ ಬೇಡ.

ಬೀಜದ ವಿಷಯದಲ್ಲಿ ಆಯ್ಕೆ ಮುಖ್ಯ. ಪುಟ್ಟ ಮಕ್ಕಳಿಗೆ ವಾರಗಟ್ಟಲೆ ಕಾಯುವ ತಾಳ್ಮೆ ಇರುವುದಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಹೆಸರುಕಾಳನ್ನು ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಮೆಂತ್ಯ ಮಣ್ಣಿಗೆ ಬಿದ್ದ ಮೂರ್ನಾಲ್ಕು ದಿನಕ್ಕೆ ತಲೆಯೆತ್ತಿ, ಮೂರ್ನಾಲ್ಕು ವಾರದಲ್ಲಿ ಸೊಪ್ಪಾಗಿ ಸಾರಿಗೆ ಬೀಳುತ್ತದೆ. ಆಮೇಲೆ ಹರಿವೆ, ಮೂಲಂಗಿ. ಈ ಬೆಳೆಗಳಲ್ಲಿ ಒಮ್ಮೆ ಗೆದ್ದ ಮಗುವಿಗೆ ಕೊತ್ತಂಬರಿ ಕೊಡಬಹುದು. ಅದು ಮೊಳೆಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ನಾವು ಕೊತ್ತಂಬರಿ ಬೀಜ ಎನ್ನುವುದು ವಾಸ್ತವದಲ್ಲಿ ಒಂದು ಒಣಗಿದ ಕಾಯಿ, ಒಳಗೆ ಎರಡು ಬೀಜಗಳಿರುತ್ತವೆ. ಅದಕ್ಕೇ ರೈತರು ಅದನ್ನು ನೆಲಕ್ಕೆ ಹಾಕಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತುತ್ತಾರೆ. ಆ ಉಜ್ಜುವ ಕೆಲಸವನ್ನು ಮಕ್ಕಳಿಗೆ ಕೊಟ್ಟು ನೋಡಿ: ಬಲ ಹೆಚ್ಚಾದರೆ ಪುಡಿ, ಕಡಿಮೆಯಾದರೆ ಬೀಜ ಉರುಳಿ ಓಡುತ್ತದೆ, ಎಷ್ಟು ಒತ್ತಬೇಕೆಂಬುದನ್ನು ಬಾಯಿಮಾತಿನಲ್ಲಿ ಯಾರೂ ಹೇಳಿಕೊಡಲಾರರು, ಅಂಗೈಯೇ ಕಲಿಯಬೇಕು. ಬಿತ್ತಿದ ಮರುದಿನ ಬೀಜ ಅಗೆದು ನೋಡುವ ಮಕ್ಕಳು ಎಲ್ಲ ಕೇಂದ್ರಗಳಲ್ಲೂ ಇರುತ್ತಾರೆ. ಬೈಯಬೇಡಿ. ನೋಡಲೆಂದೇ ಒಂದು ಗಾಜಿನ ಲೋಟದ ಅಂಚಿಗೆ ಒದ್ದೆ ಕಾಗದ ಒತ್ತಿ, ಅದರ ಮತ್ತು ಗಾಜಿನ ನಡುವೆ ನಾಲ್ಕು ಅಲಸಂದೆ ಕಾಳು ಸಿಕ್ಕಿಸಿಟ್ಟರೆ ಬೇರು ಕೆಳಗೆ ಇಳಿಯುವುದನ್ನು ಅಗೆಯದೆಯೇ ಕಾಣಬಹುದು.

ಗಿಡಕ್ಕಿಂತ ಮಕ್ಕಳನ್ನು ಹೆಚ್ಚು ಸೆಳೆಯುವುದು ಗಿಡದ ಮೇಲಿನ ಜೀವ ಎಂಬುದು ನನ್ನ ಅಭಿಪ್ರಾಯ. ಕರಿಬೇವು ಅಥವಾ ನಿಂಬೆಗಿಡವಿದ್ದರೆ ಸಾಕು, ಮಳೆಗಾಲದಲ್ಲಿ ಚಿಟ್ಟೆ ಬಂದು ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ ಇಟ್ಟು ಹೋಗುತ್ತದೆ. ಅದರಿಂದ ಹೊರಬರುವ ಮರಿಹುಳು ಮೊದಮೊದಲು ಕಂದು ಬಿಳಿ ಬೆರೆತು ಥೇಟ್ ಹಕ್ಕಿ ಪಿಕ್ಕೆಯಂತೆ ಕಾಣುತ್ತದೆ. ಹಕ್ಕಿಗಳ ಕಣ್ಣು ತಪ್ಪಿಸುವ ಉಪಾಯವದು. ಮೂರ್ನಾಲ್ಕು ಸಲ ಪೊರೆ ಕಳಚಿದ ಮೇಲೆ ಎಲೆಯದೇ ಹಸಿರು. ಗರಿಕೆ ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಫಕ್ಕನೆ ಹೊರಬಂದು ಘಾಟು ವಾಸನೆ ಹೊಡೆಯುತ್ತದೆ. ಮಕ್ಕಳು ಒಮ್ಮೆಲೇ ಕಿರುಚಿ ಹಿಂದೆ ಸರಿದು, ತಕ್ಷಣ ಮೊದಲಿಗಿಂತ ಹತ್ತಿರ ಬರುತ್ತಾರೆ. ಹುಳುವಿರುವ ಟೊಂಗೆಯನ್ನು ನೀರಿನ ಸೀಸೆಯಲ್ಲಿಟ್ಟು ಸುತ್ತ ಸೊಳ್ಳೆಪರದೆಯ ತುಂಡು ಕಟ್ಟಿ, ದಿನವೂ ಹೊಸ ಎಲೆ ಕೊಡುತ್ತಾ ಹೋದರೆ ಕೋಶ ಕಟ್ಟಿ ಚಿಟ್ಟೆಯಾಗಿ ಹಾರುವವರೆಗಿನ ಕಥೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಚಿಟ್ಟೆಯ ಜೀವನಚಕ್ರವನ್ನು ಇದೇ ಮಕ್ಕಳು ವರ್ಷವಿಡೀ ನೋಡಿಯೂ ಒಂದು ಪ್ರಶ್ನೆ ಕೇಳಿರುವುದಿಲ್ಲ. ಕಂಬಳಿಹುಳುವನ್ನು ಮಾತ್ರ ಮುಟ್ಟಬಾರದೆಂದು ಮೊದಲೇ ತೋರಿಸಿ ಹೇಳಿಕೊಡಬೇಕು. ಕೂದಲಿರುವ ಹುಳು, ಕೂದಲಿಲ್ಲದ ಹುಳು ಎಂಬ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಇದೆಲ್ಲ ಹೊಸದಾಗಿ ಯಾರೋ ತಂದ ಫ್ಯಾಷನ್ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿದರೆ ಅವರಿಗೆ ಸ್ವಲ್ಪ ಇತಿಹಾಸ ತಿಳಿಸಿ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಪುಟ್ಟ ಮಕ್ಕಳ ಕೇಂದ್ರ ತೆರೆದ ಫ್ರೋಬೆಲ್, ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ ಇರಬೇಕು, ಅದರ ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಯೂ ಇರಬೇಕು ಎಂದಿದ್ದರು. ನಮ್ಮಲ್ಲಿ ಗಿಜುಭಾಯಿ ಬಧೇಕಾ ವಕೀಲಿ ವೃತ್ತಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ ಅನುತಾಯಿ ವಾಘ್ ಜೊತೆ ಸೇರಿ, ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಹಟ್ಟಿಯ ಅಂಗಳಕ್ಕೂ ದನ ಮೇಯಿಸುವ ಬಯಲಿಗೂ ಕೊಂಡೊಯ್ದರು; ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಅಲ್ಲಿನ ಪಾಠೋಪಕರಣಗಳಾಗಿದ್ದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ತಿ. ನರಸೀಪುರ, ಅಲ್ಲಿ ತೆರೆದದ್ದು 100 ಕೇಂದ್ರಗಳು. ಇನ್ನು ಇತ್ತೀಚಿನದನ್ನು ಹೇಳುವುದಾದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆದು ಆಟ ಮತ್ತು ಚಟುವಟಿಕೆಯ ಮೂಲಕವೇ ಕಲಿಸಬೇಕೆಂದಿತು. 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆರು ವರ್ಷದೊಳಗಿನವರಿಗೆ ಪಠ್ಯಪುಸ್ತಕ ನಿಗದಿ ಮಾಡಬಾರದೆಂದೇ ಹೇಳಿತು. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳೂ ಇದೇ ದಾರಿಯವು. ಹೀಗಾಗಿ ಬುನಾದಿ ಹಂತದ ಮಟ್ಟಿಗೆ ನಿಯಮ ತಪ್ಪಿ ನಡೆಯುತ್ತಿರುವುದು ನಿಮ್ಮ ಅಂಗನವಾಡಿಯಲ್ಲ, ಕಾಪಿ ಬರೆಸುವ ಎಲ್‌ಕೆಜಿ.

ಹಾಗೆಂದು ಅಂಗನವಾಡಿಗಳಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಜೂನ್ 5ರಂದು ಬ್ಯಾನರ್ ಕಟ್ಟಿ, ಮುಖ್ಯ ಅತಿಥಿಯ ಕೈಯಲ್ಲಿ ಸಸಿ ನೆಡಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಕಳಿಸುವುದನ್ನು ನಾನು ಪರಿಸರ ಕಲಿಕೆ ಎಂದು ಕರೆಯುವುದಿಲ್ಲ. ಆ ಸಸಿಗೆ ಮರುದಿನ ನೀರು ಹಾಕುವುದು ಸಹಾಯಕಿ, ಅವರಿಗೂ ಅಡುಗೆಯ ನಡುವೆ ಪುರಸೊತ್ತು ಸಿಕ್ಕರೆ. ಹಳೆಯ ಟಯರುಗಳಿಗೆ ಬಣ್ಣ ಬಳಿದು ಹೂಗಿಡ ಇಟ್ಟು “ಮುಟ್ಟಬೇಡಿ” ಎಂದು ಕಾಯುವ ಕೇಂದ್ರಗಳೂ ಇವೆ. ಇದಕ್ಕೆ ಕಾರ್ಯಕರ್ತೆಯರನ್ನೇ ದೂರುವುದು ಸರಿಯಲ್ಲ. ಅವರ ಮೇಲೆ ತೂಕ ನೋಡುವುದು, ಆ್ಯಪ್‌ನಲ್ಲಿ ದಾಖಲಿಸುವುದು, ಗರ್ಭಿಣಿಯರ ಊಟ, ಸಮೀಕ್ಷೆ ಎಂದು ಕೆಲಸ ಹೇರಿ, ಮಕ್ಕಳೊಡನೆ ನೆಲದ ಮೇಲೆ ಕೂರುವ ಹೊತ್ತನ್ನು ಕಸಿದುಕೊಂಡಿರುವುದು ವ್ಯವಸ್ಥೆ. ನಿಮ್ಮ ಕೇಂದ್ರದ ಟೀಚರ್ ಮಕ್ಕಳ ಕೈ ಮಣ್ಣಾಗಲು ಬಿಡುತ್ತಿದ್ದಾರೆ, ಆಮೇಲೆ ಅಷ್ಟೂ ಕೈ ತೊಳೆಸುತ್ತಿದ್ದಾರೆ ಎಂದರೆ ಅವರು ತಮ್ಮ ಪಾಲಿನದಕ್ಕಿಂತ ಹೆಚ್ಚೇ ಮಾಡುತ್ತಿದ್ದಾರೆ ಎಂದು ತಿಳಿಯಿರಿ.

ಎಚ್ಚರಿಕೆಯ ವಿಷಯಗಳನ್ನು ಮಾತ್ರ ಸಡಿಲವಾಗಿ ತೆಗೆದುಕೊಳ್ಳಬೇಡಿ. ಗುಲಗಂಜಿ ನೋಡಲು ಅಂದ, ಎಣಿಕೆಗೆ ಹೇಳಿ ಮಾಡಿಸಿದಂತಿದೆ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅದು ಕೇಂದ್ರದೊಳಗೆ ಬರಲೇಕೂಡದು. ಬೇಲಿಗೆ ಹಾಕುವ ಜಟ್ರೋಫಾ, ಹರಳುಗಿಡ, ಕಣಗಿಲೆ, ಉಮ್ಮತ್ತಿ ಇವುಗಳಿದ್ದರೆ ಬುಡಸಮೇತ ತೆಗೆಸಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ದೊಡ್ಡವರೇ ಕೈಗವಸು ಹಾಕಿಕೊಂಡು ಕಿತ್ತುಹಾಕಲಿ, ಮಕ್ಕಳಿಂದ ಕೀಳಿಸಬೇಡಿ. ಅದು ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಜೊತೆಯಲ್ಲಿ ಬರುವ ಕೇಂದ್ರವಾದರೆ ಹುಣಸೆಬೀಜ, ಕಾಳುಗಳಂಥ ಗಂಟಲಿಗೆ ಸಿಕ್ಕುವ ವಸ್ತುಗಳನ್ನು ಆಟ ಮುಗಿದೊಡನೆ ಎತ್ತಿಡಬೇಕು. ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಸಣ್ಣ ಮಗುವಿಗೆ ಮುಳುಗುವ ಅಪಾಯವಿದೆ, ಆದ್ದರಿಂದ ನೀರಾಟಕ್ಕೆ ಅಗಲವಾದ ಬೋಗುಣಿಯೇ ಸೂಕ್ತ, ದೊಡ್ಡವರೊಬ್ಬರು ಪಕ್ಕದಲ್ಲಿರಲೇಬೇಕು, ನೀರಿನ ಸಂಪ್‌ಗೆ ಬೀಗ ಹಾಕಿರಬೇಕು. ಕ್ರಿಮಿನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಮಕ್ಕಳ ಕೈಗೆ ಕೊಡಬಾರದು. ಹಳ್ಳಿಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮಣ್ಣಾಡಿದರೆ ಜಂತುಹುಳು ಆಗುತ್ತದೆ ಎಂದು ನಿಮ್ಮ ಮನೆಯವರು ಹೆದರುವುದರಲ್ಲಿ ಹುರುಳಿದೆ. ಆದರೆ ಹುಳುವಿನ ಮೊಟ್ಟೆ ಬರುವುದು ಮಲ ಬೆರೆತ ಮಣ್ಣಿನಿಂದ. ಜಾಗಕ್ಕೆ ಬೇಲಿ ಇದ್ದು, ಯಾರೂ ಅಲ್ಲಿ ಬಹಿರ್ದೆಸೆಗೆ ಹೋಗದಂತೆ, ನಾಯಿ ಬೆಕ್ಕು ನುಗ್ಗದಂತೆ ನೋಡಿಕೊಂಡು, ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆಸಿ, ವರ್ಷಕ್ಕೆ ಎರಡು ಬಾರಿ ಕೇಂದ್ರದಲ್ಲೇ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸದಿದ್ದರೆ ಆ ಭಯಕ್ಕೆ ಹೆಚ್ಚಿನ ಕಾರಣವಿಲ್ಲ.

ಇನ್ನು ಅರ್ಧ ಗುಂಟೆ. ಅದು ಸುಮಾರು 540 ಚದರ ಅಡಿ, ಪುಟ್ಟ ಮಕ್ಕಳಿಗೆ ಧಾರಾಳವಾಯಿತು. ಇಡೀ ಜಾಗವನ್ನು ತರಕಾರಿ ತೋಟ ಮಾಡಿಬಿಡುವ ಆಸೆ ಬೇಡ. ಅರ್ಧದಷ್ಟನ್ನು ಓಡಾಡಲು, ಅಗೆಯಲು ಬಿಡಿ. ಪಾತಿಗಳ ಅಗಲ ಎರಡು ಅಡಿ ಮೀರಬಾರದು, ಏಕೆಂದರೆ ನಾಲ್ಕು ವರ್ಷದ ಮಗು ಬದುವಿನಲ್ಲಿ ಕುಳಿತು ಕೈಚಾಚಿದರೆ ಒಂದಡಿಯಷ್ಟೇ ಸಲೀಸಾಗಿ ಎಟುಕುತ್ತದೆ, ಅದಕ್ಕಿಂತ ಅಗಲವಾದರೆ ಮಗು ಪಾತಿಯೊಳಗೇ ಕಾಲಿಡುತ್ತದೆ. ಒಂದು ಉದ್ದನೆಯ ಪಾತಿಯನ್ನು ಕಲ್ಲು ಅಥವಾ ಕಡ್ಡಿ ನೆಟ್ಟು ಒಬ್ಬೊಬ್ಬರಿಗೆ ಒಂದೊಂದು ಅಡಿ ಹಂಚಿಕೊಡಿ, ಇನ್ನೊಂದು ಎಲ್ಲರದ್ದೂ ಆಗಿರಲಿ. ತನ್ನ ಒಂದಡಿಯಲ್ಲಿ ಮೊಳೆಯದೆ ಪಕ್ಕದವನ ಅಡಿಯಲ್ಲಿ ಮೊಳೆತರೆ ಜಗಳ ಆಗುತ್ತದೆ; ಆಗಲಿ, ನೀರು ಹೆಚ್ಚು ಹಾಕಿದ್ದು ಯಾರು ಎಂಬ ವಿಚಾರಣೆ ಆ ಜಗಳದಿಂದಲೇ ಶುರುವಾಗುವುದು. ನೀರು ಹಾಕಲು ಮುಚ್ಚಳಕ್ಕೆ ತೂತು ಮಾಡಿದ ಅರ್ಧ ಲೀಟರ್ ಬಾಟಲಿ ಸಾಕು. ದೊಡ್ಡ ಕ್ಯಾನು ತಂದರೆ ಅದನ್ನು ಎತ್ತುವುದು ಮತ್ತೆ ಸಹಾಯಕಿಯೇ.

ಮೂಲೆಯಲ್ಲಿ ಕೈ ತೊಳೆದ ನೀರು ಹರಿದು ಹೋಗುವ ಕಡೆ ಬಾಳೆ ನೆಡಿ. ಕರಿಬೇವು, ನಿಂಬೆ ಚಿಟ್ಟೆಗಾಗಿಯಾದರೂ ಇರಲಿ. ನಿಂಬೆಯ ಮುಳ್ಳು ಮಕ್ಕಳ ಓಡಾಟದ ದಾರಿಯಲ್ಲಿ ಬೇಡ, ಬೇಲಿಯ ಬದಿಗಿರಲಿ. ಎಲ್ಲರೂ ನುಗ್ಗೆ ಹಾಕಿ ಎನ್ನುತ್ತಾರೆ, ಸೊಪ್ಪು ಪೌಷ್ಟಿಕ ಎಂಬುದೂ ಸರಿ, ಆದರೆ ನುಗ್ಗೆಮರದ ಕಾಂಡಕ್ಕೆ ಮಳೆಗಾಲದಲ್ಲಿ ಕಂಬಳಿಹುಳು ಗುಂಪುಗಟ್ಟಿ ಮುತ್ತುತ್ತದೆ, ಕೊಂಬೆಯೂ ಪೆಡಸು. ಅದನ್ನು ಮಕ್ಕಳು ಆಡುವ ಜಾಗದಿಂದ ದೂರ, ಬೇಲಿಯಾಚೆ ನೆಡಿಸಿ. ಹೊಂಗೆಮರ ಇದ್ದರೆ ಕಡಿಸಬೇಡಿ, ಮಾರ್ಚ್ ಏಪ್ರಿಲ್‌ನಲ್ಲಿ ಅದರ ನೆರಳಿಲ್ಲದೆ ಹೊರಗೆ ಏನೂ ನಡೆಯುವುದಿಲ್ಲ. ಮರಳಿನ ಗುಂಡಿ ಮಾಡಿಸುವುದಾದರೆ ಸಂಜೆ ಟಾರ್ಪಾಲು ಮುಚ್ಚುವವರು ಯಾರೆಂದು ಮೊದಲು ತೀರ್ಮಾನಿಸಿ, ಇಲ್ಲದಿದ್ದರೆ ಅದು ಬೆಕ್ಕುಗಳ ಪಾಲಾಗುತ್ತದೆ.

ಗ್ರಾಮ ಪಂಚಾಯಿತಿಗೆ ಸಮಿತಿಯಿಂದ ಅರ್ಜಿ ಬರೆಯುವಾಗ ಆಟದ ಸಾಮಾನು, ಬಣ್ಣ, ಬೋರ್ಡು ಎಂದು ಪಟ್ಟಿ ಬೆಳೆಸಬೇಡಿ. ಗಟ್ಟಿ ಬೇಲಿ ಮತ್ತು ಮಕ್ಕಳ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು ಎರಡು ಅಡಿಗೆ ಕೂರಿಸಿದ ಎರಡು ನಲ್ಲಿ, ಇವಿಷ್ಟನ್ನೇ ಕೇಳಿ. ಇವು ಸಿಗದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ. ಬೀಜಕ್ಕೆ ದುಡ್ಡು ಬೇಕಾಗಿಲ್ಲ. ಮೆಂತ್ಯ, ಕೊತ್ತಂಬರಿ, ಅಲಸಂದೆ ನಿಮ್ಮ ಮನೆಯ ಅಡುಗೆಮನೆಯಲ್ಲೇ ಇರುತ್ತವೆ. ಡಬ್ಬಿಯಲ್ಲಿ ತುಂಬ ದಿನದಿಂದ ಇರುವ ಕಾಳಾದರೆ ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರುತ್ತದೆಯೇ ಎಂದು ನೋಡಿಕೊಂಡು, ಮುಂಗಾರು ಕೂತ ಮೇಲೆ ಕಳಿಸಿಕೊಡಿ. ಕಟ್ಟುವ ಕೆಲಸವನ್ನು ಮಗಳಿಗೇ ಕೊಡಬಹುದು.